ಇಂಜಿನ್ ಇಳಿಸೋ ಮುಂಚೆ

ಆನ್ ಆರ್ಬರ್, ಮಿಶಿಗನ್
ಜುಲೈ, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಾ,

ನೀನು ಕಳಿಸಿದ ಕಂಪ್ರೆಷನ್ ಅಂಕಿಗಳನ್ನು ನೋಡಿದೆ. ಒಂದು, ಎರಡು, ನಾಲ್ಕನೇ ಸಿಲಿಂಡರುಗಳು 165ರ ಆಸುಪಾಸು, ಮೂರನೆಯದು ಮಾತ್ರ 90 ಪಿಎಸ್‌ಐ. ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ 130ಕ್ಕೆ ಏರಿತು ಅಂದೆಯಲ್ಲ, ಅಲ್ಲಿಗೆ ತೀರ್ಮಾನ ಆದಂಗೆ. ಆಯಿಲ್ ಹೋಗಿ ಸಂದು ಮುಚ್ಚಿದ್ದಕ್ಕೇ ಒತ್ತಡ ಏರಿದ್ದು, ಅಂದರೆ ರಿಂಗು ಸವೆದಿದೆ. ಏರದೇ ಇದ್ದಿದ್ದರೆ ವಾಲ್ವೋ ಹೆಡ್ ಪ್ಯಾಕಿಂಗೋ ಇರಬೇಕು, ಹೆಡ್ ಒಂದನ್ನೇ ಬಿಚ್ಚಿ ನೋಡು ಅನ್ನುತ್ತಿದ್ದೆ. 1990ರ ಮಿಯಾಟಾ, ಎರಡು ಲಕ್ಷ ಮೈಲಿ ದಾಟಿದೆ. ಪಾಪ, ಅದು ತನ್ನ ಕೆಲಸ ಮಾಡಿ ಮುಗಿಸಿದೆ. ಇಂಜಿನ್ ಇಳಿಸಬೇಕು ಅನ್ನೋ ನಿನ್ನ ಮಾತಿಗೆ ನನ್ನದೂ ಒಪ್ಪಿಗೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಅಕ್ಕ, ಹೂಂ ಅಕ್ಕ" ಅಂದು ಕೊನೆಗೆ ನಿನಗೆ ತೋಚಿದ್ದನ್ನೇ ಮಾಡ್ತೀಯ. ಬರೆದು ಕೊಟ್ಟರೆ ಗ್ಯಾರೇಜಿನ ಗೋಡೆಗೆ ಅಂಟಿಸಿಕೊಳ್ಳಬಹುದು, ಗ್ರೀಸು ಮೆತ್ತಿದ ಕೈಯಲ್ಲೂ ತಿರುಗಿ ನೋಡಬಹುದು.

ನಾನು ಹೇಳಬೇಕಾದ್ದು ಒಂದೇ ವಿಷಯ, ಉಳಿದಿದ್ದೆಲ್ಲ ಅದರ ವಿವರ. ಮನೆಯಲ್ಲಿ ಇಂಜಿನ್ ಬದಲಾಯಿಸೋಕೆ ಹೊರಟು ಅರ್ಧಕ್ಕೇ ಕೈಬಿಟ್ಟವರನ್ನು ಈ ಊರಲ್ಲಿ ಬೇಕಾದಷ್ಟು ನೋಡಿದ್ದೀನಿ. ಅವರಲ್ಲಿ ಬಹಳ ಮಂದಿಗೆ ಕೆಲಸ ಚೆನ್ನಾಗೇ ಬರ್ತಿತ್ತು. ಅವರು ಕೆಟ್ಟಿದ್ದು "ಹೇಗೂ ಬಿಚ್ಚಿದ್ದೀವಲ್ಲ" ಅನ್ನೋ ಮಾತಿನಿಂದ. ಹೇಗೂ ಬಿಚ್ಚಿದ್ದೀವಲ್ಲ, ದೊಡ್ಡ ಇಂಜಿನ್ನೇ ಹಾಕಿಬಿಡೋಣ. ಹೇಗೂ ದೊಡ್ಡ ಇಂಜಿನ್ ಬಂತಲ್ಲ, ಡಿಫರೆನ್ಷಿಯಲ್ಲೂ ಬದಲಾಯಿಸೋಣ. ಹೇಗೂ ಖಾಲಿ ಇದೆಯಲ್ಲ, ಒಳಗೆಲ್ಲ ಪೇಂಟ್ ಹೊಡೆಸೋಣ. ಹೀಗೆ ಒಂದು ತಿಂಗಳ ಕೆಲಸ ಮೂರು ವರ್ಷ ಎಳೆದು, ಕೊನೆಗೆ ಗಾಡಿ ಬಿಡಿಬಿಡಿಯಾಗಿ ಗುಜರಿಗೆ ಹೋಗುತ್ತೆ. ಅದಕ್ಕೇ ಒಂದು ಬೋಲ್ಟು ಬಿಚ್ಚೋ ಮುಂಚೆ ಏನು ಮಾಡಲ್ಲ ಅನ್ನೋದನ್ನ ಬರೆದಿಟ್ಟುಕೋ. ನಿನಗಂತೂ ಗಡುವು ಬೇರೆ ಇದೆ. ನವೆಂಬರಿಗೆ ಪಾಪು ಬರುತ್ತೆ. ದಸರಾ ಹೊತ್ತಿಗೆ ಗಾಡಿ ತನ್ನ ಚಕ್ರದ ಮೇಲೆ ನಿಂತು, ಗ್ಯಾರೇಜು ತೊಳೆದು ಖಾಲಿ ಆಗಿರಬೇಕು. ನಿನ್ನ ಹೆಂಡತಿ ಈ ವಿಷಯದಲ್ಲಿ ಇಲ್ಲಿಯವರೆಗೆ ಒಂದು ಮಾತೂ ಆಡಿಲ್ಲ ಅಂದರೆ ಅದು ಅವಳ ದೊಡ್ಡತನ, ಅದನ್ನ ಪರೀಕ್ಷೆ ಮಾಡೋಕೆ ಹೋಗಬೇಡ.

ಮೊದಲು ಯಾವ ಇಂಜಿನ್ ಅನ್ನೋದು. ನಿನ್ನ ಕಣ್ಣು 1.8 ಲೀಟರಿನದರ ಮೇಲೆ ಬಿದ್ದಿದೆ ಅಂತ ಗೊತ್ತು. 1994ರಲ್ಲಿ ಮಜ್ದಾದವರು ಮಿಯಾಟಾಗೆ 1,839 ಸಿಸಿ ಇಂಜಿನ್ ಕೊಟ್ಟರು. ನಿನ್ನದು 1,597 ಸಿಸಿ. ಇಲ್ಲಿ ಮಾರಿದ ಗಾಡಿಗಳ ಲೆಕ್ಕದಲ್ಲಿ ನಿನ್ನದಕ್ಕೆ 116 ಕುದುರೆ ಶಕ್ತಿ, ಅದಕ್ಕೆ 128. ನಿನ್ನ ಗೇರ್ ಬಾಕ್ಸಿಗೇ ನೇರ ಕೂರುತ್ತೆ, ಅದು ನಿಜ. ಆದರೆ ಅದರ ಕ್ಲಚ್ 215 ಮಿಲಿಮೀಟರ್, ನಿನ್ನದು 200, ಹಾಗಾಗಿ ಫ್ಲೈವೀಲೂ ಅದರದ್ದೇ ಬೇಕು. ಒಳಗೆ ಹೋಗೋ ಗಾಳಿಯನ್ನ ನಿನ್ನ ಗಾಡಿ ಒಂದು ರೆಕ್ಕೆ ಬಾಗಿಲು ಎಷ್ಟು ತೆರೆಯಿತು ಅಂತ ನೋಡಿ ಅಳೆಯುತ್ತೆ, 1.8 ಕಾದ ತಂತಿಯಿಂದ ಅಳೆಯುತ್ತೆ. ಅಂದರೆ ಕಂಪ್ಯೂಟರು, ವೈರಿಂಗು ಎಲ್ಲದರ ಪ್ರಶ್ನೆ ಬಂತು.

ಅದರ ಮೇಲೆ ನೀನಿರೋದು ಫ್ರೀಮಾಂಟಿನಲ್ಲಿ. ನನ್ನ ಮಿಶಿಗನ್‌ನಲ್ಲಾದರೆ ಹೊಗೆ ಪರೀಕ್ಷೆಯ ತಂಟೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1976ರಿಂದ ಈಚೆಯ, ನಿನ್ನದರಂಥ ಹಳೇ ಪೆಟ್ರೋಲ್ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ. ಬೇರೆ ಇಂಜಿನ್ ಹಾಕಿದರೆ ಅದು ಗಾಡಿಯ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಆ ಇಂಜಿನ್ನಿನ ಜೊತೆ ಬಂದ ಹೊಗೆ ನಿಯಂತ್ರಣದ ಸಾಮಾನೆಲ್ಲ ಇರಬೇಕು, ಆಮೇಲೆ ಸ್ಮಾಗ್ ರೆಫರಿ ಹತ್ತಿರ ಹೋಗಿ ಒಪ್ಪಿಗೆ ತರಬೇಕು. 1996ರಿಂದ ಈಚೆಯ ಇಂಜಿನ್ ತಂದರೆ ಓಬಿಡಿ-2 ವ್ಯವಸ್ಥೆ ಇಡಿಯಾಗಿ ಬಂದು ಕೂರಬೇಕು. ಆಗಲ್ಲ ಅಂತಲ್ಲ, ಎಷ್ಟೋ ಜನ ಮಾಡಿದ್ದಾರೆ. ಹನ್ನೆರಡು ಕುದುರೆಗೋಸ್ಕರ ಈ ದಸರಾ ಒಳಗೆ ನೀನು ಮಾಡಬೇಕಾ, ಅದನ್ನ ಯೋಚಿಸು. ಅದೇ ಈಗಿರೋ ತರದ 1.6 ಹಾಕಿದರೆ ನಿನ್ನ ವೈರಿಂಗು, ಕಂಪ್ಯೂಟರು, ಗಾಳಿ ಮೀಟರು, ಎಕ್ಸಾಸ್ಟು ಯಾವುದನ್ನೂ ಮುಟ್ಟಬೇಕಿಲ್ಲ. ಬಿಚ್ಚಿದ ಕನೆಕ್ಟರು ಬಿಚ್ಚಿದ ಜಾಗಕ್ಕೇ ಹೋಗುತ್ತೆ. ಆ ಗಾಡಿ ಒಂದು ಟನ್ನಿಗೂ ಕಡಿಮೆ ತೂಗುತ್ತೆ. ಅದರ ಸುಖ ಇರೋದು ತಿರುವಿನಲ್ಲಿ, ಅದಕ್ಕೆ 116 ಸಾಕು.

1.6 ಹುಡುಕುವಾಗ ಒಂದು ಗುರುತು ಇಟ್ಟುಕೋ. ಮೊದಮೊದಲ ಇಂಜಿನ್ನುಗಳ ಕ್ರ್ಯಾಂಕಿನ ಮೂತಿ ಗಿಡ್ಡ. 1991ರಲ್ಲಿ ಅದನ್ನ ಉದ್ದ, ದಪ್ಪ ಮಾಡಿದರು. ಕೆಳಗಿನ ಪುಲ್ಲಿಯ ನಡುವೆ ದೊಡ್ಡ ಬೋಲ್ಟಿನ ಸುತ್ತ ಸೀಳುಗಳು ಕಾಣಿಸುತ್ತವೆ: ನಾಲ್ಕಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಗಿಡ್ಡದರಲ್ಲಿ ಆ ಬೋಲ್ಟು ಸರಿಯಾಗಿ ಬಿಗಿಯದೇ ಹೋದರೆ ಕೀ ಕೂರುವ ತೋಡು ನಿಧಾನಕ್ಕೆ ಅಗಲವಾಗಿ ಟೈಮಿಂಗ್ ಜಾರುತ್ತೆ. ಎಂಟು ಸೀಳಿನದ್ದೇ ಬೇಕು ಅಂತ ಕೇಳು. 1992, 1993ರ ಗಾಡಿಗಳದ್ದು ಸಿಕ್ಕರೆ ಒಳ್ಳೇದು.

ಗುಜರಿ ಅಂಗಡಿಯವನು "ಚೆನ್ನಾಗಿ ಓಡ್ತಿತ್ತು ಸಾರ್" ಅಂತ ಇಂಗ್ಲಿಷಿನಲ್ಲಿ ಹೇಳ್ತಾನೆ, ನಮ್ಮ ತಿಪಟೂರಿನವನು ಕನ್ನಡದಲ್ಲಿ ಹೇಳ್ತಿದ್ದ, ಅಷ್ಟೇ ವ್ಯತ್ಯಾಸ. ಇಂಜಿನ್ ಇನ್ನೂ ಗಾಡಿಯಲ್ಲೇ ಇದ್ದರೆ ಬ್ಯಾಟರಿ, ಗೇಜು ತಗೊಂಡು ಹೋಗಿ ಕಂಪ್ರೆಷನ್ ನೋಡು. ಕೆಳಗಿಳಿಸಿಟ್ಟಿದ್ದರೆ ಅದು ಕಷ್ಟ, ಯಾಕೆಂದರೆ ಇದರ ಸ್ಟಾರ್ಟರ್ ಕೂರೋದು ಗೇರ್ ಬಾಕ್ಸಿನ ಬೆಲ್ ಹೌಸಿಂಗಿಗೆ. ಆಗ ಲೀಕ್-ಡೌನ್ ಪರೀಕ್ಷೆ ಮಾಡು. ಪಿಸ್ಟನ್ನನ್ನು ಕಂಪ್ರೆಷನ್ನಿನ ತುತ್ತತುದಿಗೆ ತಂದು, ಪ್ಲಗ್ಗಿನ ತೂತಿನಿಂದ ಗಾಳಿ ಬಿಟ್ಟು, ಎಷ್ಟು ಸೋರುತ್ತೆ ನೋಡು. ಗೇಜಿಗಿಂತ ಕಿವಿ ಹೆಚ್ಚು ಹೇಳುತ್ತೆ. ಆಯಿಲ್ ಹಾಕೋ ಬಾಯಲ್ಲಿ ಬುಸ್ ಅಂದರೆ ರಿಂಗು; ಎಕ್ಸಾಸ್ಟ್ ಕಡೆ ಅಂದರೆ ಎಕ್ಸಾಸ್ಟ್ ವಾಲ್ವು; ಇನ್‌ಟೇಕ್ ಕಡೆ ಅಂದರೆ ಇನ್‌ಟೇಕ್ ವಾಲ್ವು; ನೀರಿನ ಬಾಯಲ್ಲಿ ಗುಳ್ಳೆ ಬಂದರೆ ಹೆಡ್ ಪ್ಯಾಕಿಂಗು. ನಾಲ್ಕೂ ಸಿಲಿಂಡರು ಒಂದಕ್ಕೊಂದು ಹತ್ತಿರ ಇರಬೇಕು. ಆಯಿಲ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸು. ಕರೀ ಜಿಡ್ಡು ಗಟ್ಟಿಯಾಗಿ ಕೂತಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಇನ್ನು ಎರಡು ಪಟ್ಟಿ ಮಾಡು. ಮೊದಲನೆಯದು ಇಂಜಿನ್ ಹೊರಗಿರುವಾಗಲೇ ಮಾಡಲೇಬೇಕಾದ್ದು: ಟೈಮಿಂಗ್ ಬೆಲ್ಟ್, ಅದರ ಬೇರಿಂಗುಗಳು, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ರ್ಯಾಂಕಿನ ಹಿಂದುಮುಂದಿನ ಆಯಿಲ್ ಸೀಲ್, ಕ್ಯಾಮ್ ಸೀಲ್, ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಇಂಜಿನ್ ಮೌಂಟು, ನೀರಿನ ಹೋಸ್ ಪೈಪುಗಳೆಲ್ಲ. ಡ್ಯಾಶ್‌ಬೋರ್ಡಿನ ಹಿಂಗೋಡೆಗೆ ಅಂಟಿಕೊಂಡ ಹೀಟರ್ ಪೈಪುಗಳನ್ನ ಮರೀಬೇಡ, ಇಂಜಿನ್ ಏರಿದ ಮೇಲೆ ಅಲ್ಲಿಗೆ ಕೈ ಹೋಗಲ್ಲ. ಹೆಡ್ಡಿನ ಹಿಂದಿರುವ ಕ್ಯಾಮ್ ಸೆನ್ಸರಿನ ರಬ್ಬರ್ ಉಂಗುರ ಮೊದಲ ತಲೆಮಾರಿನ ಮಿಯಾಟಾಗಳಲ್ಲಿ ವಯಸ್ಸಾದಂತೆ ಸೋರೋದೇ, ಪೈಸೆ ಸಾಮಾನು, ಹಾಕಿಬಿಡು. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿಯ ಬಣ್ಣ ನೋಡು. ಕಪ್ಪಗಿದ್ದದ್ದು ಹಸಿರು ಮಿಶ್ರಿತ ಕಂದಾದರೆ ಅದು ಒಡೆಯೋಕೆ ರೆಡಿ ಅಂತ. ಇವೆಲ್ಲ ಇವತ್ತಿಗೂ ಸಲೀಸಾಗಿ ಸಿಗುತ್ತವೆ. 1989ರಲ್ಲಿ ಶುರುವಾಗಿ 2016ಕ್ಕೆ ಹತ್ತು ಲಕ್ಷ ದಾಟಿದ ಗಾಡಿ ಇದು. ಮೊದಲ ತಲೆಮಾರಿನ ಗಾಡಿಗಳಿಗೆಂದು ಮಜ್ದಾದವರೇ 2017ರಲ್ಲಿ ಜಪಾನಿನಲ್ಲಿ ಹಳೇ ಬಿಡಿಭಾಗಗಳನ್ನ ಮತ್ತೆ ಮಾಡಿಸೋಕೆ ಹೊರಟರು.

ಎರಡನೇ ಪಟ್ಟಿ ಈಗ ಮುಟ್ಟಬಾರದ್ದು: ಟರ್ಬೋ, ದೊಡ್ಡ ಡಿಫರೆನ್ಷಿಯಲ್, ಸಸ್ಪೆನ್ಷನ್, ಪೇಂಟು. ಇದನ್ನ ದೊಡ್ಡ ಅಕ್ಷರದಲ್ಲಿ ಬರೆದು ಹೆಂಡತಿ ಕೈಲಿ ಸಹಿ ಹಾಕಿಸು.

ಮದುವೆ ಮನೆಯಲ್ಲಿ ಉಗ್ರಾಣದ ಬೀಗದಕೈ ಹಿಡಿದವರು ಒಲೆ ಹಚ್ಚೋ ಮುಂಚೆಯೇ ಬೆಲ್ಲ, ಬೇಳೆ, ಬಾಳೆ ಎಲೆ ಎಲ್ಲ ಎಣಿಸಿಡ್ತಾರಲ್ಲ, ನೀನೂ ಹಾಗೆ ಮೊದಲ ಪಟ್ಟಿಯ ಸಾಮಾನು ಪೂರ್ತಿ ಶೆಲ್ಫಿಗೆ ಬಂದು, ಪೊಟ್ಟಣ ಒಡೆದು, ಹಳೇದರ ಪಕ್ಕ ಇಟ್ಟು ನೋಡೋವರೆಗೂ ಗಾಡಿಗೆ ಕೈ ಹಚ್ಚಬೇಡ. ಒಂದು ಸೀಲ್ ಬರಲಿಲ್ಲ ಅಂತ ವಾರಗಟ್ಟಲೆ ನಿಂತ ಗಾಡಿಯಿಂದಲೇ "ಹೇಗೂ ನಿಂತಿದೆಯಲ್ಲ" ಶುರುವಾಗೋದು.

ಈಗ ಜಾಗ. ನಿಮ್ಮ ಗ್ಯಾರೇಜಿನ ಮೂಲೆಯಲ್ಲಿ ಗ್ಯಾಸಿನ ನೀರು ಕಾಯಿಸೋ ಟ್ಯಾಂಕ್ ಇದೆ, ಕಳೆದ ಸಲ ಬಂದಾಗ ನೋಡಿದ್ದೀನಿ. ಪೆಟ್ರೋಲ್ ಪೈಪಿಗೆ ಕೈ ಹಾಕೋ ದಿನ ಅದರ ಗ್ಯಾಸ್ ಬಂದ್ ಆಗಿರಬೇಕು, ಬಾಗಿಲು ಪೂರ್ತಿ ತೆರೆದಿರಬೇಕು. ಪೆಟ್ರೋಲಿನ ಆವಿ ನೆಲ ಹಿಡಿದು ಹರಿಯುತ್ತೆ, ಆ ಟ್ಯಾಂಕಿನ ಸಣ್ಣ ಜ್ವಾಲೆ ಇರೋದೂ ಕೆಳಗೇ. ಇದೊಂದರಲ್ಲಿ ಮಾತ್ರ ತಮಾಷೆ ಇಲ್ಲ ಕಣೋ. ಬೆಂಕಿ ಆರಿಸೋ ಸಿಲಿಂಡರನ್ನ ಬಾಗಿಲ ಹತ್ತಿರ ಇಡು, ಗಾಡಿಯ ಹಿಂದೆ ಇಡಬೇಡ.

ಗಾಡಿಯನ್ನ ಹಿಮ್ಮುಖವಾಗಿ ಒಳಗೆ ತಗೋ, ಮೂತಿ ಬಾಗಿಲ ಕಡೆಗಿರಲಿ. ಗಾಡಿಯ ಉದ್ದವೇ 3.95 ಮೀಟರ್, ಅದರ ಮುಂದೆ ಇಂಜಿನ್ ಎತ್ತೋ ಹಾಯಿಸ್ಟ್ ಹಿಂದಕ್ಕೆ ಉರುಳೋಕೆ ಜಾಗ ಬೇಕು. ಹಾಯಿಸ್ಟಿನ ತೋಳು ಪೂರ್ತಿ ಎತ್ತಿದಾಗ ಎಷ್ಟು ಎತ್ತರ ಹೋಗುತ್ತೆ ಅಂತ ಟೇಪ್ ಹಿಡಿದು ಅಳೆ, ಬಾಗಿಲು ತೆರೆದಿಟ್ಟೇ ಅಳೆ. ಮೇಲಕ್ಕೆ ಸರಿದ ಬಾಗಿಲೂ ಅದರ ಕಂಬಿಯೂ ಚಾವಣಿಗಿಂತ ಒಂದಡಿ ಕೆಳಗೆ ನೇತಾಡ್ತಿರುತ್ತೆ ಅನ್ನೋದು ಇಂಜಿನ್ ಗಾಳಿಯಲ್ಲಿ ತೂಗುವಾಗಲೇ ಎಷ್ಟೋ ಜನರಿಗೆ ಗೊತ್ತಾಗೋದು. "ಎರಡು ಟನ್" ಅಂತ ಬರೆದಿರೋದು ತೋಳು ಗಿಡ್ಡಕ್ಕಿದ್ದಾಗ. ಕೊನೆಯ ತೂತಿಗೆ ಎಳೆದರೆ ಅದರ ಶಕ್ತಿ ಸಾಮಾನ್ಯವಾಗಿ ಕಾಲು ಭಾಗಕ್ಕೆ ಇಳಿಯುತ್ತೆ. ಇಂಜಿನ್ನೂ ಗೇರ್ ಬಾಕ್ಸೂ ಸೇರಿ ಒಂದೂವರೆ ಕ್ವಿಂಟಲ್ ಮೀರುತ್ತೆ. ಆ ಭಾರಕ್ಕೆ ಅಷ್ಟು ಸಾಕು, ಆದರೂ ತೋಳಿನ ಮೇಲೆ ಬರೆದದ್ದನ್ನ ಓದಿಕೋ. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಮಲಗಬೇಡ. ನಾಲ್ಕೂ ಕಡೆ ಸ್ಟ್ಯಾಂಡು ಕೊಟ್ಟು, ಗಾಡಿಯನ್ನ ಭುಜ ಕೊಟ್ಟು ಅಲುಗಾಡಿಸಿ ನೋಡಿದ ಮೇಲೇ ಕೆಳಗೆ ಹೋಗು.

ಇನ್ನು ಬಿಚ್ಚಿದ ಬೋಲ್ಟುಗಳ ವಿಷಯ. ದೊಡ್ಡಪ್ಪನ ಗ್ಯಾರೇಜು ನಿನಗೆ ನೆನಪಿರಲಿಕ್ಕಿಲ್ಲ, ನೀನಿನ್ನೂ ಚಡ್ಡಿಯಲ್ಲಿದ್ದೆ. ಬಿ.ಎಚ್. ರಸ್ತೆಯ ಶೆಡ್ಡಿನಲ್ಲಿ ಅಡ್ಡಗಂಬಿಗೆ ಚೈನ್ ಬ್ಲಾಕ್ ಕಟ್ಟಿ ಅಂಬಾಸಿಡರ್ ಇಂಜಿನ್ ಇಳಿಸ್ತಿದ್ದರು. ಬಿಚ್ಚಿದ ಪ್ರತಿ ಬೋಲ್ಟನ್ನೂ ಆ ಭಾಗ ಕಳಚಿದ ಕೂಡಲೇ ಅದು ಬಂದ ತೂತಿಗೇ ಕೈಯಲ್ಲಿ ಎರಡು ಸುತ್ತು ಸುತ್ತಿ ಇಡಬೇಕಿತ್ತು. ಡಬ್ಬಿಗೆ ಹಾಕಿದ ಹುಡುಗನಿಗೆ ಬೈಗುಳ ಗ್ಯಾರಂಟಿ. ತೂತಿಗೆ ಹಾಕೋಕೆ ಆಗದ್ದಕ್ಕೆ ನಾನು ಮಾಡೋದು ಹೀಗೆ: ಒಂದು ರಟ್ಟಿನ ಮೇಲೆ ಬೆಲ್ ಹೌಸಿಂಗಿನ ಆಕಾರ ಬರೆದು, ಬೋಲ್ಟು ಇರೋ ಕಡೆಯೆಲ್ಲ ಸ್ಕ್ರೂಡ್ರೈವರಿನಿಂದ ಚುಚ್ಚಿ, ಬಿಚ್ಚಿದ ಹಾಗೇ ಅಲ್ಲಲ್ಲಿಗೇ ಸಿಕ್ಕಿಸ್ತೀನಿ. ಅಲ್ಲಿನ ಬೋಲ್ಟುಗಳು ನೋಡೋಕೆ ಒಂದೇ ತರ, ಆದರೆ ಉದ್ದ ಬೇರೆಬೇರೆ. ಉದ್ದದ್ದನ್ನ ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಸೀಳುತ್ತೆ. ಟೈಮಿಂಗ್ ಕವರಿಗೊಂದು, ವಾಟರ್ ಪಂಪಿಗೊಂದು ರಟ್ಟು. ವೈರಿನ ಕನೆಕ್ಟರುಗಳಿಗೆ ಎರಡೂ ಬದಿಗೆ ಒಂದೇ ನಂಬರಿನ ಚೀಟಿ. ಬಿಚ್ಚೋ ಮುಂಚೆ ಒಂದು ಫೋಟೋ, ಬಿಚ್ಚಿದ ಮೇಲೆ ಒಂದು.

ಬಿಚ್ಚೋ ಕ್ರಮ ಮ್ಯಾನ್ಯುಯಲ್‌ನಲ್ಲಿದೆ, ನಾನು ನೆನಪಿಸೋದು ಕೆಲವನ್ನ ಮಾತ್ರ. ಎಕ್ಸಾಸ್ಟಿನ ನಟ್ಟುಗಳಿಗೆ ಇವತ್ತಿನಿಂದಲೇ ದಿನಾ ರಾತ್ರಿ ತುಕ್ಕು ಬಿಡಿಸೋ ಎಣ್ಣೆ ಹೊಡೆ. ಕೆಲಸದ ದಿನ ಮೊದಲು ಪೆಟ್ರೋಲ್ ಪಂಪಿನ ರಿಲೇ ಕನೆಕ್ಟರ್ ಎಳೆದು, ಇಂಜಿನ್ ತಾನಾಗೇ ನಿಲ್ಲೋವರೆಗೂ ಓಡಿಸು, ಪೈಪಿನಲ್ಲಿ ಒತ್ತಡ ಇಳಿಯುತ್ತೆ. ಆಮೇಲೆ ಡಿಕ್ಕಿಯಲ್ಲಿರೋ ಬ್ಯಾಟರಿಯ ಮೈನಸ್ ಕಳಚು. ಬಾನೆಟ್ ಅಲ್ಯೂಮಿನಿಯಂದು, ಹಗುರ, ಆದರೂ ಇಬ್ಬರು ಹಿಡಿದು ತೆಗೀರಿ. ಏಸಿ ಕಂಪ್ರೆಸರನ್ನ ಪೈಪಿನ ಸಮೇತ ಬಿಚ್ಚಿ ಪಕ್ಕಕ್ಕೆ ತಂತಿಯಲ್ಲಿ ಕಟ್ಟು, ಪೈಪು ಬಿಚ್ಚಬೇಡ. 1990ರ ಗಾಡಿಗೆ ಮೂಲದಲ್ಲಿ ತುಂಬಿದ್ದು ಆರ್-12, ಅದನ್ನ ಗಾಳಿಗೆ ಬಿಡೋದು ಈ ದೇಶದಲ್ಲಿ 1992ರಿಂದ ಅಪರಾಧ. ಪವರ್ ಸ್ಟೀರಿಂಗ್ ಪಂಪನ್ನೂ ಕ್ಲಚ್ಚಿನ ಸ್ಲೇವ್ ಸಿಲಿಂಡರನ್ನೂ ಹಾಗೇ ಪೈಪಿನ ಸಮೇತ ಪಕ್ಕಕ್ಕೆ ಸರಿಸು. ಗೇರ್ ಆಯಿಲ್ ಮೊದಲೇ ಇಳಿಸು. ಇಲ್ಲದಿದ್ದರೆ ಗೇರ್ ಬಾಕ್ಸ್ ಬಾಲ ಕೆಳಗೆ ಮಾಡಿದ ಕೂಡಲೇ ಹಿಂಬದಿಯಿಂದ ಸುರಿದು ನೆಲವೆಲ್ಲ ಜಾರುತ್ತೆ. ಹಳೇ ಕೂಲೆಂಟನ್ನ ತೆರೆದ ಬೋಗುಣಿಯಲ್ಲಿ ಇಡಬೇಡ, ಸಿಹಿಯಾಗಿರುತ್ತೆ, ಪಕ್ಕದ ಮನೆ ನಾಯಿ ನೆಕ್ಕಿದರೆ ಅದರ ಪ್ರಾಣ ಹೋಗುತ್ತೆ.

ಮಿಯಾಟಾದಲ್ಲಿ ಗೇರ್ ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೆ ಒಂದು ಅಲ್ಯೂಮಿನಿಯಂ ತೊಲೆ ಇದೆ, ಪಿಪಿಎಫ್ ಅಂತಾರೆ. ಗೇರ್ ಬಾಕ್ಸಿನ ಬಾಲವನ್ನ ಹಿಡಿದಿರೋದು ಅದೊಂದೇ. ಆದ್ದರಿಂದ ಗೇರ್ ಬಾಕ್ಸಿಗೆ ಜಾಕಿ ಕೊಟ್ಟ ಮೇಲೇ ಅದರ ಬೋಲ್ಟಿಗೆ ಕೈ ಹಾಕು. ವಾಪಸ್ ಹಾಕುವಾಗ ಮ್ಯಾನ್ಯುಯಲ್ ಹೇಳಿದ ಎತ್ತರಕ್ಕೇ ಕೂರಿಸು, ಇಲ್ಲದಿದ್ದರೆ ಹೈವೇನಲ್ಲಿ ಸೀಟೆಲ್ಲ ನಡುಗುತ್ತೆ.

ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ಒಂದು ಸಂಜೆ ಉಳಿಯುತ್ತೆ. ಇಂಜಿನ್ ಸ್ಟ್ಯಾಂಡು ಹಿಡಿದುಕೊಳ್ಳೋದು ಇಂಜಿನ್ನಿನ ಹಿಂಬದಿಯನ್ನ. ಹಾಗಾಗಿ ಸ್ಟ್ಯಾಂಡಿನ ಮೇಲೆ ಟೈಮಿಂಗ್ ಬೆಲ್ಟು, ವಾಟರ್ ಪಂಪು ಎಲ್ಲ ಆಗುತ್ತೆ. ಹಿಂದಿನ ಸೀಲು, ಫ್ಲೈವೀಲು, ಕ್ಲಚ್ಚು ಆಗಲ್ಲ. ಅವನ್ನ ಸ್ಟ್ಯಾಂಡಿನಿಂದ ತೆಗೆದು, ಹಾಯಿಸ್ಟಿಗೆ ತೂಗುಹಾಕಿ, ಕೆಳಗೆ ಮರದ ದಿಮ್ಮಿ ಕೊಟ್ಟು ಮಾಡಬೇಕು. ಅದೇ ದಿನ ಗೇರ್ ಬಾಕ್ಸ್ ಕೂರಿಸಿ ಗಾಡಿಗೆ ಏರಿಸೋದು ಅಂತ ಲೆಕ್ಕ ಇಟ್ಟುಕೋ.

ಎತ್ತುವಾಗ ಒಂದಿಂಚು ಎತ್ತು, ನಿಲ್ಲಿಸು, ಸುತ್ತ ಬಂದು ನೋಡು. ಬಿಚ್ಚೋಕೆ ಮರೆತ ಅರ್ತ್ ವೈರು, ಸ್ಪೀಡೋಮೀಟರ್ ಕೇಬಲ್ಲು ಆಗ ಬಿಗಿಯಾಗಿ ಎಳೆದುಕೊಂಡು ತಾವೇ ಕಾಣಿಸುತ್ತವೆ. ಸಿಕ್ಕಿಕೊಂಡಿದೆ ಅನಿಸಿದರೆ ಹಾಯಿಸ್ಟಿನಿಂದ ಎಳೆಯಬೇಡ, ಯಾಕೆ ಸಿಕ್ಕಿದೆ ಅಂತ ಹುಡುಕು. ಇಂಜಿನ್ನಿಗೂ ಗಾಡಿಗೂ ನಡುವೆ ಬೆರಳು ಹೋಗಬಾರದು, ತೂಗೋ ಇಂಜಿನ್ನಿನ ಕೆಳಗೆ ಪಾದವೂ ಹೋಗಬಾರದು. ಹೊಸದು ಏರಿದ ಮೇಲೆ ಪ್ಲಗ್ ಬಿಚ್ಚಿ, ಪಂಪಿನ ರಿಲೇ ಹಾಕದೇ, ಬರೀ ಸ್ಟಾರ್ಟರಿನಲ್ಲಿ ತಿರುಗಿಸು. ನಿನ್ನ ಗಾಡಿಯ ಆಯಿಲ್ ಮೀಟರು ನಿಜವಾದ ಒತ್ತಡವನ್ನೇ ತೋರಿಸುತ್ತೆ (1995ರಿಂದ ಅದು ಬರೀ ಲೈಟಿನ ಲೆಕ್ಕಕ್ಕೆ ಬಂತು). ಮುಳ್ಳು ಎದ್ದ ಮೇಲೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡೋದು.

ನೀನೊಬ್ಬನೇ ಇದನ್ನೆಲ್ಲ ಮಾಡಬಲ್ಲೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ಇಂಜಿನ್ ಎತ್ತೋ ದಿನ, ಕೂರಿಸೋ ದಿನ ನಾನು ಅಲ್ಲಿರ್ತೀನಿ. ಹಾಯಿಸ್ಟಿನ ಹಿಡಿ ಒಬ್ಬರ ಕೈಲಿ, ಗೇರ್ ಬಾಕ್ಸಿನ ಬಾಲ ಇನ್ನೊಬ್ಬರ ಕೈಲಿ ಇರಬೇಕು. ಆ ಇನ್ನೊಬ್ಬರು ಏಳು ತಿಂಗಳ ಬಸುರಿ ಆಗಿರೋದಕ್ಕಾಗಲ್ಲ. ಅಮ್ಮನಿಗೆ ಇಂಜಿನ್ ಗಿಂಜಿನ್ ಅಂತ ಹೇಳಬೇಡ, ಅಕ್ಕ ಬಾಣಂತನದ ಸಾಮಾನು ತಂದುಕೊಡೋಕೆ ಬರ್ತಿದ್ದಾಳೆ ಅನ್ನು. ಸುಳ್ಳೇನಲ್ಲ, ಅದನ್ನೂ ತರ್ತೀನಿ. ಎರಡೇ ಸೀಟಿನ ಗಾಡಿಯಲ್ಲಿ ಪಾಪುವನ್ನ ಎಲ್ಲಿ ಕೂರಿಸ್ತೀಯೋ ಅಂತ ಅಮ್ಮ ಕೇಳೇ ಕೇಳ್ತಾಳೆ, ಉತ್ತರ ನೀನೇ ಯೋಚಿಸಿಟ್ಟುಕೋ.

ಈ ವಾರ ಇಷ್ಟು ಮಾಡು: ಎಂಟು ಸೀಳಿನ ಇಂಜಿನ್ ಹುಡುಕು, ಹಾಯಿಸ್ಟಿಗೆ ಎತ್ತರ ಅಳೆ, ಎರಡೂ ಪಟ್ಟಿ ಬರೆದು ಫೋಟೋ ಕಳಿಸು. ಲೀಕ್-ಡೌನ್ ಅಂಕಿ ಬಂದ ತಕ್ಷಣ ಮೆಸೇಜ್ ಹಾಕು, ಎಷ್ಟೇ ರಾತ್ರಿಯಾಗಿರಲಿ. ಅದನ್ನ ನೋಡಿದ ಮೇಲೇ ನಾನು ಟಿಕೆಟ್ ತಗೊಳ್ಳೋದು.

ಪ್ರೀತಿಯಿಂದ,
ನಿನ್ನ ಅಕ್ಕ